ರಾಸಿಗೆ 33 ಡಾಲರ್: ಅಮೆರಿಕದ ಕೋವಿಡ್ ರೈತ ಪರಿಹಾರದ ಲೆಕ್ಕ ಹಾಕುವುದು ಹೇಗೆ

ನೆಬ್ರಾಸ್ಕ ರಾಜ್ಯದ ಚೆರ್ರಿ ಕೌಂಟಿ ವಿಸ್ತಾರದಲ್ಲಿ ನಮ್ಮ ಬೆಳಗಾವಿ ಜಿಲ್ಲೆಗಿಂತ ದೊಡ್ಡದು. ಜನಸಂಖ್ಯೆ ಮಾತ್ರ ಐದೂವರೆ ಸಾವಿರದ ಆಸುಪಾಸು. ಕಣ್ಣು ಹಾಯಿಸಿದಷ್ಟು ದೂರ ಹುಲ್ಲು ಹೊದ್ದ ಮರಳು ದಿಬ್ಬಗಳು, ಅವುಗಳ ಮೇಲೆ ಮೇಯುವ ಮಾಂಸದ ತಳಿಯ ದನಗಳು. ಮಾಂಸದ ತಳಿಯ ಹಸುಗಳ ಸಂಖ್ಯೆಯಲ್ಲಿ ಅಮೆರಿಕದ ಕೌಂಟಿಗಳಲ್ಲೆಲ್ಲ ಇದೇ ಮುಂದು. 2020ರಲ್ಲಿ ಕೋವಿಡ್ ಬಂದು ದನದ ಬೆಲೆ ಕುಸಿದಾಗ ಇಂಥ ಕೌಂಟಿಗಳ ರೈತರಿಗೂ ದನಗಾಹಿ ರ‍್ಯಾಂಚರ್‌ಗಳಿಗೂ ಅಲ್ಲಿನ ಕೇಂದ್ರ ಸರ್ಕಾರ ನೇರ ಹಣ ಕೊಟ್ಟಿತು. ಯೋಜನೆಯ ಹೆಸರು ಕೊರೊನಾವೈರಸ್ ಫುಡ್ ಅಸಿಸ್ಟೆನ್ಸ್ ಪ್ರೋಗ್ರಾಂ. ಆಡುಮಾತಿನಲ್ಲಿ ಸಿ-ಫ್ಯಾಪ್. ಎರಡು ಸುತ್ತು ಸೇರಿ ಸುಮಾರು 3,100 ಕೋಟಿ ಡಾಲರ್ ಹಂಚಿಕೆಯಾಯಿತು.

ಅರ್ಜಿಯ ಬಾಗಿಲು 2021ರ ಅಕ್ಟೋಬರ್ 12ಕ್ಕೆ ಮುಚ್ಚಿದೆ. ಆದರೂ ಈ ಲೆಕ್ಕ ತಿಳಿದಿರುವುದು ಒಳ್ಳೆಯದು. ಅಲ್ಲಿ ಜಮೀನು ಮಾಡಿಕೊಂಡಿರುವ ಅಥವಾ ಫಾರ್ಮ್ ಕಂಪನಿಯಲ್ಲಿ ಪಾಲುದಾರರಾಗಿರುವ ಕನ್ನಡಿಗರು ಮುಂದಿನ ಯಾವ ಪರಿಹಾರಕ್ಕೆ ಹೋದರೂ ಬಹುಪಾಲು ಇದೇ ಕಚೇರಿ, ಇದೇ ಪೂರಕ ನಮೂನೆಗಳು ಎದುರಾಗುತ್ತವೆ. ಹಳೆಯ ಕಡತ ತೆರೆದು ಬಂದ ಹಣ ಸರಿಯೇ ಎಂದು ನೋಡಬೇಕಾದವರಿಗೂ, ಪರಿಹಾರದ ಸೂತ್ರ ಹೇಗೆ ಕಟ್ಟುತ್ತಾರೆ ಎಂದು ಓದುತ್ತಿರುವ ಕೃಷಿ ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೂ ಇದು ಬೇಕಾಗುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಈ ಹಣ ನಿಮಗೆ ಎಷ್ಟು ನಷ್ಟವಾಯಿತು ಎಂದು ಕೇಳಲೇ ಇಲ್ಲ. ಯಾವ ದಿನ, ಯಾವ ವರ್ಗದ ರಾಸು, ಯಾರ ಹೆಸರಿನಲ್ಲಿತ್ತು ಎಂದಷ್ಟೇ ಕೇಳಿತು. ಹಾಗಾಗಿ ಲೆಕ್ಕವನ್ನು ನಷ್ಟದಿಂದ ಶುರು ಮಾಡಿದವರು ದಾರಿ ತಪ್ಪಿದರು.

ಮೊದಲು ಗೋಡೆಯ ಕ್ಯಾಲೆಂಡರ್ ಇಳಿಸಿ

2020ರ ಕ್ಯಾಲೆಂಡರಿನಲ್ಲಿ ಐದು ದಿನಗಳಿಗೆ ಗುರುತು ಹಾಕಿಕೊಳ್ಳಿ: ಜನವರಿ 15, ಏಪ್ರಿಲ್ 15, ಏಪ್ರಿಲ್ 16, ಮೇ 14, ಆಗಸ್ಟ್ 31. ದನದ ಲೆಕ್ಕವೆಲ್ಲ ಈ ಐದು ಗೂಟಗಳಿಗೇ ಕಟ್ಟಿದೆ.

ಮೊದಲ ಸುತ್ತಿಗೆ, ಅಂದರೆ ಸಿ-ಫ್ಯಾಪ್ 1ಕ್ಕೆ, 2020ರ ಮೇ 26ರಿಂದ ಸೆಪ್ಟೆಂಬರ್ 11ರವರೆಗೆ ಅರ್ಜಿ ತೆಗೆದುಕೊಂಡರು. ಕಡೇ ದಿನ ಮೊದಲು ಆಗಸ್ಟ್ 28 ಇತ್ತು, ಆಮೇಲೆ ಮುಂದೂಡಿದರು. ಜನವರಿ ನಡುವಿನಿಂದ ಏಪ್ರಿಲ್ ನಡುವಿನ ಹೊತ್ತಿಗೆ ಬೆಲೆ ಶೇ 5 ಅಥವಾ ಅದಕ್ಕಿಂತ ಹೆಚ್ಚು ಇಳಿದ ಸರಕುಗಳು ಇದರೊಳಗೆ ಬಂದವು. ಹಣ ಎರಡು ಕಡೆಯಿಂದ ಬಂತು: ಸಂಸತ್ತು ಒಪ್ಪಿದ ಕೋವಿಡ್ ನೆರವಿನ ಕೇರ್ಸ್ ಕಾಯ್ದೆಯಿಂದ 950 ಕೋಟಿ ಡಾಲರ್, ಕೃಷಿ ಇಲಾಖೆಯ ಕಮಾಡಿಟಿ ಕ್ರೆಡಿಟ್ ಕಾರ್ಪೊರೇಷನ್‌ನಿಂದ 650 ಕೋಟಿ. ಎರಡು ಹುಂಡಿ ಎಂಬುದನ್ನು ನೆನಪಿಡಿ. ಒಂದೇ ದನಕ್ಕೆ ಎರಡು ಬೇರೆ ದರಗಳು ಹುಟ್ಟಿಕೊಂಡದ್ದು ಇದರಿಂದಲೇ.

ಮೊದಲ ಹುಂಡಿಯದು ಮಾರಾಟದ ಲೆಕ್ಕ. ಜನವರಿ 15ರಂದು ನಿಮ್ಮ ಒಡೆತನದಲ್ಲಿದ್ದು, ಅಂದಿನಿಂದ ಏಪ್ರಿಲ್ 15ರೊಳಗೆ ಮಾರಿದ ರಾಸುಗಳು, ಮತ್ತು ಆ ರಾಸುಗಳಿಗೆ ಹುಟ್ಟಿ ಅಷ್ಟರೊಳಗೆ ಮಾರಿದ ಕರುಗಳು. ರಾಸಿಗೆ ದರ ಹೀಗಿತ್ತು:

- 600 ಪೌಂಡಿಗಿಂತ (ಸುಮಾರು 272 ಕಿಲೊ) ಕಡಿಮೆ ತೂಕದ ಫೀಡರ್ (ಮುಂದೆ ಮೇಯಿಸಿ ಕೊಬ್ಬಿಸಲು ಮಾರುವ) ಕರು: 102 ಡಾಲರ್
- 600 ಪೌಂಡ್ ಅಥವಾ ಮೇಲ್ಪಟ್ಟ ಫೀಡರ್: 139 ಡಾಲರ್
- ಕಸಾಯಿಖಾನೆಗೆ ಕೊಬ್ಬಿಸಿದ ದನ: 214 ಡಾಲರ್
- ಗಬ್ಬ ನಿಲ್ಲದೆಯೋ ವಯಸ್ಸಾಗಿಯೋ ಹಿಂಡಿನಿಂದ ತೆಗೆದು ಕಸಾಯಿಖಾನೆಗೆ ಮಾರಿದ ಹಸು, ಹೋರಿ: 92 ಡಾಲರ್
- ಉಳಿದ ಎಲ್ಲ ದನ: 102 ಡಾಲರ್

ಎರಡನೇ ಹುಂಡಿಯದು ಕೊಟ್ಟಿಗೆಯ ಲೆಕ್ಕ. ಏಪ್ರಿಲ್ 16ರಿಂದ ಮೇ 14ರ ನಡುವೆ ನಿಮ್ಮಲ್ಲಿ ಅತಿ ಹೆಚ್ಚು ಎಷ್ಟು ರಾಸು ಇದ್ದವೋ ಅಷ್ಟಕ್ಕೆ, ವರ್ಗ ಯಾವುದಾದರೂ, ರಾಸಿಗೆ 33 ಡಾಲರ್. ಮಾರಿರಬೇಕೆಂದಿಲ್ಲ.

ಈ ದಿನಾಂಕಗಳು ಯಾರನ್ನು ಕೈ ಹಿಡಿದವು, ಯಾರನ್ನು ಬಿಟ್ಟವು ಎಂದು ನೋಡಿ. ಏಪ್ರಿಲ್ 15ರಂದು ನೂರು ಕೊಬ್ಬಿದ ದನ ಮಾರಿದವನಿಗೆ 21,400 ಡಾಲರ್. ಮರುದಿನ ಮಾರಿದವನಿಗೆ 3,300. ಮಾಂಸದ ಕಾರ್ಖಾನೆಗಳು ಸೋಂಕಿನಿಂದ ಒಂದೊಂದಾಗಿ ನಿಂತು, ಲಾರಿಗಳು ದೊಡ್ಡಿಗೇ ಮರಳತೊಡಗಿದ್ದು ಏಪ್ರಿಲ್ ನಡುವಿನ ಮೇಲೆ. ಅಂದರೆ ನಿಜವಾದ ಏಟು ಬಿದ್ದವನಿಗೆ ಸಿಕ್ಕಿದ್ದು ಕಡಿಮೆ ದರ. ಚೆರ್ರಿ ಕೌಂಟಿಯ ಮರಳು ದಿಬ್ಬಗಳ ನಾಡಾದ ಸ್ಯಾಂಡ್‌ಹಿಲ್ಸ್‌ನ ಹಸು-ಕರು ರ‍್ಯಾಂಚರ್‌ಗಳ ಸಮಸ್ಯೆ ಇದರ ತಿರುಗುಮುರುಗು. ಅವರಲ್ಲಿ ಬಹಳಷ್ಟು ಮಂದಿ ವಸಂತದಲ್ಲಿ ಹುಟ್ಟಿದ ಕರುವನ್ನು ಅಕ್ಟೋಬರ್, ನವೆಂಬರಿನಲ್ಲೇ ಸಂತೆಗೆ ಹೊಡೆದುಬಿಡುತ್ತಾರೆ. 2019ರ ಹಂಗಾಮಿನಲ್ಲಿ ಹಾಗೆ ಮಾರಿದವರಿಗೆ ಮಾರಾಟದ ಹುಂಡಿಯಿಂದ ಆ ಕರುಗಳ ಮೇಲೆ ಒಂದು ಡಾಲರೂ ಇಲ್ಲ. ಚಳಿಗಾಲ ಮೇಯಿಸಿ ಫೆಬ್ರವರಿಯಲ್ಲಿ ಮಾರಿದ ಪಕ್ಕದ ಮನೆಯವರಿಗೆ 102 ಅಥವಾ 139.

ಏಪ್ರಿಲ್ 15ರ ಆ ಕಂದಕವನ್ನು ಸ್ವಲ್ಪ ಮುಚ್ಚಲು 2020ರ ಡಿಸೆಂಬರಿನ ಕಾಯ್ದೆಯಲ್ಲಿ ಹೆಚ್ಚುವರಿ ಹಣ ಇಟ್ಟರು. ಇದು ಕೊಟ್ಟಿಗೆಯ ಲೆಕ್ಕಕ್ಕೆ, ಅಂದರೆ ಏಪ್ರಿಲ್ 16ರಿಂದ ಮೇ 14ರ ರಾಸುಗಳಿಗೆ, ಮೇಲೆ ಸೇರಿದ್ದು. ರಾಸಿಗೆ ಸಣ್ಣ ಫೀಡರಿಗೆ 7 ಡಾಲರ್, ದೊಡ್ಡ ಫೀಡರಿಗೆ 25.50, ಕೊಬ್ಬಿಸಿದ ದನಕ್ಕೆ 63, ಹಿಂಡಿನಿಂದ ತೆಗೆದದ್ದಕ್ಕೆ 14.75, ಉಳಿದವಕ್ಕೆ 17.25. ಹೊಸ ಅರ್ಜಿ ಬೇಕಿರಲಿಲ್ಲ. ಹಳೆಯ ಅರ್ಜಿ ಮಂಜೂರಾಗಿದ್ದರೆ 2021ರ ಏಪ್ರಿಲ್‌ನಿಂದ ತಾನಾಗಿ ಖಾತೆಗೆ ಬಿತ್ತು. ಹಳೆಯ ಕಡತದಲ್ಲಿ ರಾಸುಗಳನ್ನು ತಪ್ಪು ವರ್ಗಕ್ಕೆ ಬರೆದವರಿಗೆ ಅದರ ಬೆಲೆ ಗೊತ್ತಾದದ್ದು ಆಗಲೇ. 33 ಡಾಲರ್ ಎಲ್ಲ ವರ್ಗಕ್ಕೂ ಒಂದೇ ಆಗಿದ್ದರಿಂದ ಮೊದಲು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಎರಡನೇ ಸುತ್ತಿನ ಬಲೆ: ತಾಯಿ ಹಸು ಲೆಕ್ಕಕ್ಕಿಲ್ಲ

ಸಿ-ಫ್ಯಾಪ್ 2ರ ಅರ್ಜಿ 2020ರ ಸೆಪ್ಟೆಂಬರ್ 21ರಿಂದ ಡಿಸೆಂಬರ್ 11ರವರೆಗೆ, ಮತ್ತೆ 2021ರ ಏಪ್ರಿಲ್ 5ರಿಂದ ಅಕ್ಟೋಬರ್ 12ರವರೆಗೆ ನಡೆಯಿತು. ಇಲ್ಲಿ ಮಾರಾಟದ ಪ್ರಶ್ನೆಯೇ ಇಲ್ಲ. ಏಪ್ರಿಲ್ 16ರಿಂದ ಆಗಸ್ಟ್ 31ರ ನಡುವೆ ನೀವೇ ಆರಿಸಿಕೊಂಡ ಒಂದು ದಿನದಂದು ಇದ್ದ ರಾಸುಗಳಿಗೆ ತಲಾ 55 ಡಾಲರ್.

ಆದರೆ ಸಂತಾನಕ್ಕೆ ಇಟ್ಟುಕೊಂಡ ರಾಸು ಇದರಲ್ಲಿ ಸೇರುವುದಿಲ್ಲ. ಮೊದಲ ಸುತ್ತಿನಲ್ಲಿ ತಾಯಿ ಹಸುವಿಗೂ ಬೀಜದ ಹೋರಿಗೂ 33 ಡಾಲರ್ ಸಿಕ್ಕಿತ್ತು. ಎರಡನೇ ಸುತ್ತಿನಲ್ಲಿ ಅವು ಪೂರ್ತಿ ಹೊರಗೆ. ಮೊದಲ ಸುತ್ತಿನ ಹಾಳೆಯಲ್ಲಿದ್ದ ಸಂಖ್ಯೆಯನ್ನೇ ಎರಡನೆಯದಕ್ಕೆ ನಕಲು ಮಾಡುವುದು ಕೈಗೆ ಸುಲಭ, ಹಣ ವಾಪಸ್ ಕಟ್ಟುವುದಕ್ಕೂ ಅದೇ ಹತ್ತಿರದ ದಾರಿ.

ಹಂದಿಗೆ ಈ ಸುತ್ತಿನಲ್ಲಿ 23 ಡಾಲರ್, ಕುರಿಗೆ 27. ಹಾಲು ಕರೆಯುವ ಹಸುಗಳನ್ನು ಎರಡೂ ಸುತ್ತಿನಲ್ಲಿ ತಲೆ ಎಣಿಸಿ ಕೊಟ್ಟಿಲ್ಲ, ಅವಕ್ಕೆ ಹಾಲಿನ ಮೇಲೆಯೇ ಹಣ. ಮೊದಲ ಸುತ್ತಿನಲ್ಲಿ ಜನವರಿಯಿಂದ ಮಾರ್ಚ್‌ವರೆಗಿನ ಉತ್ಪಾದನೆಯ ಪ್ರತಿ ನೂರು ಪೌಂಡಿಗೆ ಎರಡೂ ಹುಂಡಿ ಸೇರಿ ಹತ್ತಿರ ಹತ್ತಿರ 6.20 ಡಾಲರ್ ಬಿತ್ತು, ಎರಡನೆಯದರಲ್ಲಿ 1.20. ರ‍್ಯಾಂಚಿನ ಕುದುರೆಗೆ ಏನೂ ಇಲ್ಲ. ಬೈಸನ್ ಸಾಕಿದವರು ಮೊದಲ ಸುತ್ತಿನಲ್ಲಿ ಅದನ್ನು ದನದ ಕಾಲಂಗೆ ಸೇರಿಸುವಂತಿರಲಿಲ್ಲ.

ಲೆಕ್ಕ ಹಾಕಿ ನೋಡೋಣ

ಉದಾಹರಣೆಗೆ ಒಂದು ರ‍್ಯಾಂಚ್ ಕಲ್ಪಿಸಿಕೊಳ್ಳಿ. 420 ಹಸು, 20 ಹೋರಿ. ಹಿಂದಿನ ವರ್ಷದ ಕರುಗಳನ್ನು ಚಳಿಗಾಲ ದಾಟಿಸಿ ಫೆಬ್ರವರಿಯಲ್ಲಿ ಮಾರಿದ್ದಾರೆ: 650 ಪೌಂಡ್ ತೂಗಿದ 120 ಗಂಡುಗರು, 550 ಪೌಂಡ್ ತೂಗಿದ 60 ಹೆಣ್ಣುಗರು. ಮಾರ್ಚಿನಲ್ಲಿ ಗಬ್ಬ ನಿಲ್ಲದ 25 ಹಸುಗಳನ್ನು ಕಸಾಯಿಖಾನೆಗೆ ಕಳಿಸಿದ್ದಾರೆ (420ರಲ್ಲಿ ಇವು ಸೇರಿಲ್ಲ). ಮೇ 14ರ ಹೊತ್ತಿಗೆ 350 ಹೊಸ ಕರು ನೆಲಕ್ಕೆ ಬಿದ್ದಿವೆ.

ಮಾರಾಟದ ಹುಂಡಿ: 120ನ್ನು 139ರಿಂದ ಗುಣಿಸಿದರೆ 16,680. 60ನ್ನು 102ರಿಂದ ಗುಣಿಸಿದರೆ 6,120. 25ನ್ನು 92ರಿಂದ ಗುಣಿಸಿದರೆ 2,300. ಒಟ್ಟು 25,100 ಡಾಲರ್.

ಕೊಟ್ಟಿಗೆಯ ಹುಂಡಿ: 420, 20, 350 ಸೇರಿ 790 ರಾಸು. 33ರಿಂದ ಗುಣಿಸಿದರೆ 26,070. ಇಲ್ಲಿ ಗಮನಿಸಬೇಕಾದದ್ದು ಕರು. ನಿನ್ನೆ ಹುಟ್ಟಿದ ಕರುವೂ ಒಂದು ರಾಸೇ. ಏಪ್ರಿಲ್ 16ರಂದು ಎಣಿಸಿ ಸುಮ್ಮನಾದವರು, ಆಮೇಲಿನ ನಾಲ್ಕು ವಾರದಲ್ಲಿ ಹುಟ್ಟಿದ ಅಷ್ಟೂ ಕರುಗಳ ಹಣ ಬಿಟ್ಟುಕೊಟ್ಟಂತಾಯಿತು. ವಸಂತದಲ್ಲಿ ಕರು ಹಾಕಿಸುವ ಹಿಂಡಿಗೆ ಮೇ 14ರ ಹತ್ತಿರದ ಎಣಿಕೆಯೇ ಸಾಮಾನ್ಯವಾಗಿ ದೊಡ್ಡದು.

ಮೊದಲ ಸುತ್ತು ಒಟ್ಟು 51,170 ಡಾಲರ್. ಅದರಲ್ಲಿ ಮೊದಲು ಶೇ 80, ಅಂದರೆ 40,936 ಮಾತ್ರ ಕೊಟ್ಟರು. ಹಣ ಎಲ್ಲರಿಗೂ ಸಾಲುವುದೋ ಇಲ್ಲವೋ ಎಂಬ ಅಳುಕು. ಉಳಿದ 10,234 ಆಮೇಲೆ ಬಂತು. ಬ್ಯಾಂಕ್ ಪುಸ್ತಕದಲ್ಲಿ ಎರಡು ನಮೂದು ಕಂಡರೆ ಗಾಬರಿ ಬೇಡ.

2021ರ ಹೆಚ್ಚುವರಿ: 350 ಕರುವಿಗೆ 7ರಂತೆ 2,450. 440 ಹಸು-ಹೋರಿಗೆ 17.25ರಂತೆ 7,590. ಒಟ್ಟು 10,040.

ಎರಡನೇ ಸುತ್ತು: ಜೂನ್ ಹೊತ್ತಿಗೆ ಕರುಗಳು 385 ಆಗಿವೆ ಎಂದಿಟ್ಟುಕೊಳ್ಳಿ. ಹಸು, ಹೋರಿ ಬಿಟ್ಟು 385ನ್ನು 55ರಿಂದ ಗುಣಿಸಿದರೆ 21,175.

ಎಲ್ಲ ಕೂಡಿ 82,385 ಡಾಲರ್. ಇದೇ ರ‍್ಯಾಂಚ್ ಹಳೆಯ ಕರುಗಳನ್ನು ಚಳಿಗಾಲಕ್ಕೆ ಮೊದಲೇ ಮಾರಿದ್ದರೆ 22,800 ಡಾಲರ್ ಕಡಿಮೆ ಆಗುತ್ತಿತ್ತು.

ಬೆಳೆಯ ಕಡೆ ಲೆಕ್ಕ ಬೇರೆ. ಮೊದಲ ಸುತ್ತಿನಲ್ಲಿ ಮೆಕ್ಕೆಜೋಳಕ್ಕೆ 2019ರ ಒಟ್ಟು ಇಳುವರಿಯ ಅರ್ಧ, ಇಲ್ಲವೇ ಜನವರಿ 15ರಂದು ಮಾರದೆ ಉಳಿದ ದಾಸ್ತಾನು, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಹಿಡಿಯಬೇಕು. 20,000 ಬುಶೆಲ್ (ಅಲ್ಲಿನ ಧಾನ್ಯದ ಅಳತೆ) ಬೆಳೆದು 14,000 ಕಣಜದಲ್ಲಿದ್ದರೆ ಹಿಡಿಯುವುದು 10,000. ಅದರ ಅರ್ಧಕ್ಕೆ 32 ಸೆಂಟ್, ಇನ್ನರ್ಧಕ್ಕೆ 35 ಸೆಂಟ್: 1,600 ಮತ್ತು 1,750, ಒಟ್ಟು 3,350 ಡಾಲರ್. ಬೆಲೆ ಮೊದಲೇ ನಿಗದಿಯಾಗಿ ಒಪ್ಪಂದವಾಗಿದ್ದ ಧಾನ್ಯವನ್ನು ಉಳಿದ ದಾಸ್ತಾನಿಗೆ ಸೇರಿಸುವಂತಿಲ್ಲ, ಏಕೆಂದರೆ ಬೆಲೆ ಕುಸಿದರೆ ಪೆಟ್ಟು ಬೀಳುವುದು ಕೊಂಡವನಿಗೆ. ಎರಡನೇ ಸುತ್ತಿನಲ್ಲಿ ದಾಸ್ತಾನು ಬಿಟ್ಟು ಎಕರೆಗೆ ಹೋದರು. ಚೆರ್ರಿ ಕೌಂಟಿಯಂಥ ಹುಲ್ಲಿನ ನಾಡಿಗೆ ಇದರಲ್ಲಿ ದಕ್ಕಿದ್ದು ಸ್ವಲ್ಪವೇ: ಹುಲ್ಲುಗಾವಲಿನ ಒಣಹುಲ್ಲಿಗೆ ಏನೂ ಇಲ್ಲ, ಕುದುರೆ ಮೆಂತೆಗೆ, ಅದೇ ಆಲ್ಫಾಲ್ಫಾಕ್ಕೆ, ಎಕರೆಗೆ 15 ಡಾಲರ್, 2021ರಲ್ಲಿ ಇನ್ನೊಂದು 20. ಎಕರೆಯ ಆಧಾರ ಎಫ್‌ಎಸ್‌ಎ-578 ಎಂಬ ಬೆಳೆ ವಿಸ್ತೀರ್ಣದ ವರದಿ. ನಮ್ಮ ಪಹಣಿಯ ಬೆಳೆ ಕಾಲಂ ಇದ್ದ ಹಾಗೆ, ಬರೆಸುವ ಹೊಣೆ ಮಾತ್ರ ರೈತನದು.

ಯಾರಿಗೆ ಸಲ್ಲುತ್ತದೆ

ಬೆಲೆಯ ಏರಿಳಿತಕ್ಕೆ ಮೈ ಒಡ್ಡಿದವರಿಗೆ ಮಾತ್ರ. ಬೇರೆಯವರ ದನವನ್ನು ದಿನಕ್ಕಿಷ್ಟು ಎಂದು ಮೇಯಿಸುವವರಿಗೆ, ಕಂಪನಿಯ ಕೋಳಿಯನ್ನು ಕೂಲಿಗೆ ಸಾಕುವವರಿಗೆ ಮೊದಲ ಸುತ್ತಿನಲ್ಲಿ ಇಲ್ಲ. ಜಮೀನನ್ನು ನಗದು ಗೇಣಿಗೆ ಕೊಟ್ಟು ದೂರದಲ್ಲಿರುವ ಒಡೆಯರಿಗೂ ಇಲ್ಲ. ಬೆಳೆಯಲ್ಲಿ ಪಾಲು ಎಂದಿದ್ದರೆ ಆ ಪಾಲಿನಷ್ಟಕ್ಕೆ ಉಂಟು. ಟೆಕ್ಸಸ್‌ನಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಎಕರೆಗಟ್ಟಲೆ ಕೊಂಡು ಗೇಣಿಗೆ ಬಿಟ್ಟಿರುವ ನಮ್ಮವರು ಅರ್ಜಿಗೆ ಓಡುವ ಮೊದಲು ಇಷ್ಟು ನೋಡಿಕೊಳ್ಳಬೇಕು. ಅಮೆರಿಕದ ಪ್ರಜೆಯೋ ಕಾಯಂ ನಿವಾಸಿಯೋ ಅಲ್ಲದವರು ಜಮೀನು, ಬಂಡವಾಳ, ಮೈಮುರಿವ ದುಡಿಮೆ ಮೂರನ್ನೂ ತಾವೇ ಹಾಕಿದ್ದರೆ ಮಾತ್ರ ಅರ್ಹರು.

ಆದಾಯಕ್ಕೂ ಮಿತಿ ಇತ್ತು: 2016, 2017, 2018ರ ತೆರಿಗೆ ವರ್ಷಗಳ ಸರಾಸರಿ ಹೊಂದಾಣಿಕೆಯ ಒಟ್ಟು ಆದಾಯ 9 ಲಕ್ಷ ಡಾಲರ್ ಮೀರಬಾರದಿತ್ತು. ಮೀರಿದರೂ ಅದರಲ್ಲಿ ಶೇ 75 ಕೃಷಿ, ಪಶುಪಾಲನೆ, ಅರಣ್ಯದಿಂದ ಬಂದಿದ್ದರೆ ಬಿಡುತ್ತಿದ್ದರು.

ಒಬ್ಬರಿಗೆ ಒಂದು ಸುತ್ತಿನಲ್ಲಿ ಗರಿಷ್ಠ 2.5 ಲಕ್ಷ ಡಾಲರ್, ಎಲ್ಲ ಸರಕು ಸೇರಿ. 33 ಡಾಲರಿನ ಲೆಕ್ಕದಲ್ಲಿ ಈ ಮಿತಿ ತಟ್ಟಬೇಕಾದರೆ ಏಳೂವರೆ ಸಾವಿರ ರಾಸು ಬೇಕು, 214ರ ಲೆಕ್ಕದಲ್ಲಿ 1,169 ಸಾಕು. ದನ ಕೊಬ್ಬಿಸುವ ದೊಡ್ಡ ಫೀಡ್‌ಲಾಟ್‌ನವರಿಗೆ ಅದಕ್ಕೇ ಇದು ಬೇಗ ಕುತ್ತಿಗೆಗೆ ಬಂತು. ಕಂಪನಿ, ಎಲ್‌ಎಲ್‌ಸಿ (ಸೀಮಿತ ಹೊಣೆಯ ಕಂಪನಿ), ಸೀಮಿತ ಪಾಲುದಾರಿಕೆಗಳಿಗೆ ಒಂದು ರಿಯಾಯಿತಿ ಇತ್ತು: ತಲಾ ಕನಿಷ್ಠ 400 ಗಂಟೆ ದುಡಿದ ಅಥವಾ ನಿರ್ವಹಣೆ ಮಾಡಿದ ಸದಸ್ಯರು ಇಬ್ಬರಿದ್ದರೆ ಮಿತಿ 5 ಲಕ್ಷ, ಮೂವರಿದ್ದರೆ 7.5 ಲಕ್ಷ. ವರ್ಷಕ್ಕೆ 400 ಗಂಟೆ ಎಂದರೆ ವಾರಕ್ಕೆ ಎಂಟು ಗಂಟೆಯೂ ಆಗುವುದಿಲ್ಲ. ಅಷ್ಟು ಸಣ್ಣ ಷರತ್ತಾದರೂ ಬರೆದಿಟ್ಟ ಪುಸ್ತಕ ಇಲ್ಲದಿದ್ದರೆ ತಪಾಸಣೆಯಲ್ಲಿ ನಿಲ್ಲುವುದು ಕಷ್ಟ. ಎರಡನೇ ಸುತ್ತಿನಲ್ಲಿ ಟ್ರಸ್ಟ್, ಎಸ್ಟೇಟ್‌ಗಳಿಗೂ ಈ ರಿಯಾಯಿತಿ ಚಾಚಿದರು.

ಅರ್ಜಿ ಮತ್ತು ಕಾಗದ

ಕಚೇರಿ ಒಂದೇ: ಕೃಷಿ ಇಲಾಖೆಯ ಫಾರ್ಮ್ ಸರ್ವಿಸ್ ಏಜೆನ್ಸಿಯ ಕೌಂಟಿ ಕಚೇರಿ, ಎಲ್ಲರೂ ಎಫ್‌ಎಸ್‌ಎ ಎನ್ನುವುದು ಇದನ್ನೇ. ಎರಡು ಮೂರು ಕೌಂಟಿಗಳಲ್ಲಿ ಜಮೀನಿದ್ದರೂ ಒಂದೇ ಕಡೆ, ಎಲ್ಲವನ್ನೂ ಸೇರಿಸಿ ಒಂದೇ ಅರ್ಜಿ. ಮೇಲೆ ನಿಂತು ಮಂಜೂರು ಮಾಡುವ ಕೌಂಟಿ ಸಮಿತಿಗೆ ರೈತರೇ ಮತ ಹಾಕಿ ಸದಸ್ಯರನ್ನು ಕಳಿಸುತ್ತಾರೆ. ಆ ದಿನಗಳಲ್ಲಿ ಕಚೇರಿಯೊಳಗೆ ಬಿಡುತ್ತಿರಲಿಲ್ಲ. ಫೋನಿನಲ್ಲಿ ಸಮಯ ಗೊತ್ತು ಮಾಡಿಕೊಂಡು, ಸಹಿಯನ್ನು ಕಂಪ್ಯೂಟರಿನಲ್ಲೋ ಅಂಚೆಯಲ್ಲೋ ಕಳಿಸಬೇಕಿತ್ತು.

ಮುಖ್ಯ ಅರ್ಜಿ ಮೊದಲ ಸುತ್ತಿಗೆ ಎಡಿ-3114, ಎರಡನೆಯದಕ್ಕೆ ಎಡಿ-3117. ಇದರ ಜೊತೆಗಿನ ನಮೂನೆಗಳು ಒಮ್ಮೆ ಕೊಟ್ಟರೆ ಬೇರೆ ಯೋಜನೆಗಳಿಗೂ ಆಗುತ್ತವೆ: ಹೆಸರು ವಿಳಾಸಕ್ಕೆ ಎಡಿ-2047, ಯಾರು ಏನು ಹಾಕಿ ಬೇಸಾಯ ಮಾಡುತ್ತಾರೆ ಎಂಬುದಕ್ಕೆ ಸಿಸಿಸಿ-902, ಕಂಪನಿಯಾದರೆ ಸದಸ್ಯರ ಪಟ್ಟಿಗೆ ಸಿಸಿಸಿ-901, ಆದಾಯ ಮಿತಿಗೆ ಸಿಸಿಸಿ-941, ಶೇ 75ರ ವಿನಾಯಿತಿ ಕೇಳುವವರಿಗೆ ಸಿಸಿಸಿ-942, ಮಣ್ಣು ಮತ್ತು ಜೌಗು ಭೂಮಿ ಸಂರಕ್ಷಣೆಗೆ ಎಡಿ-1026, ಬ್ಯಾಂಕ್ ಖಾತೆಗೆ ಎಸ್‌ಎಫ್-3881. ಹಿಂದೆಂದೂ ಎಫ್‌ಎಸ್‌ಎ ಮೆಟ್ಟಿಲು ಹತ್ತದ ರ‍್ಯಾಂಚರ್‌ಗಳು ಬಹಳ. ಅವರಿಗೆ ತೊಡಕಾದದ್ದು ದನದ ಲೆಕ್ಕವಲ್ಲ, ಈ ಬಾಲಂಗೋಚಿಗಳು. ತಂದೆಯ ಪರವಾಗಿ ಮಗ ಸಹಿ ಹಾಕಬೇಕಾದರೆ ಎಫ್‌ಎಸ್‌ಎ-211 ಎಂಬ ಅಧಿಕಾರ ಪತ್ರ ಮೊದಲೇ ಕಡತದಲ್ಲಿರಬೇಕು.

ಅರ್ಜಿಯೊಂದಿಗೆ ರಸೀದಿ, ತೂಕದ ಚೀಟಿ ಯಾವುದನ್ನೂ ಲಗತ್ತಿಸಬೇಕಿರಲಿಲ್ಲ. ಸಂಖ್ಯೆ ಬರೆದು ‘ಇದು ನಿಜ’ ಎಂದು ಸಹಿ ಹಾಕಿದರೆ ಆಯಿತು. ಕರ್ನಾಟಕದಲ್ಲಿ ಅದೇ ವರ್ಷದ ಮೇ ತಿಂಗಳಲ್ಲಿ ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ (ಒಂದು ಹೆಕ್ಟೇರಿನ ಮಿತಿಯಲ್ಲಿ), ಮೆಕ್ಕೆಜೋಳದವರಿಗೆ ತಲಾ 5,000 ರೂಪಾಯಿ ಘೋಷಣೆಯಾದಾಗ, ಬೆಳೆ ಸಮೀಕ್ಷೆಯಲ್ಲಿ ಹೆಸರಿದೆಯೇ ಎಂದು ಹುಡುಕುವುದೇ ರೈತನ ಮೊದಲ ಕೆಲಸವಾಗಿತ್ತು. ಅಲ್ಲಿ ಪಟ್ಟಿ ಮಾಡುವವನೇ ರೈತ. ಹಣ ಬೇಗ ಬರುತ್ತದೆ, ತಪ್ಪು ಬೇಗ ಗೊತ್ತಾಗುವುದಿಲ್ಲ. ಮೂರು ವರ್ಷ ದಾಖಲೆ ಇಟ್ಟುಕೊಳ್ಳಬೇಕು, ಕೇಳಿದಾಗ ತೋರಿಸಬೇಕು ಎಂಬ ಷರತ್ತು ಆ ಸಹಿಯ ಕೆಳಗೇ ಇತ್ತು.

ಯಾವ ದಾಖಲೆ ನಿಲ್ಲುತ್ತದೆ? ಮಾರಾಟಕ್ಕೆ ಹರಾಜು ಕಟ್ಟೆಯ ಬಿಲ್ಲು ಮತ್ತು ತೂಕದ ಚೀಟಿ. ನೆಬ್ರಾಸ್ಕದ ಪಶ್ಚಿಮ ಭಾಗದವರಿಗೆ ಇನ್ನೊಂದು ಅನುಕೂಲವಿದೆ: ಅಲ್ಲಿ ದನ ಕೈ ಬದಲಾಗುವಾಗ ಬರೆಯ ಗುರುತಿನ ತಪಾಸಣೆ ಕಡ್ಡಾಯ. ಆ ಚೀಟಿಯಲ್ಲಿ ದಿನಾಂಕ, ಸಂಖ್ಯೆ, ಒಡೆಯನ ಹೆಸರು ಮೂರೂ ಇರುವುದರಿಂದ ಅದಕ್ಕಿಂತ ಗಟ್ಟಿ ಸಾಕ್ಷಿ ಸಿಗುವುದು ಕಷ್ಟ. ಕೊಟ್ಟಿಗೆಯ ಎಣಿಕೆಗೆ ಹೀಗೆ ಒಂದೇ ಕಾಗದ ಇರುವುದಿಲ್ಲ. ಕರು ಹಾಕಿದ ದಿನಗಳನ್ನು ಬರೆದ ಜೇಬಿನ ಪುಸ್ತಕ, ಪಶುವೈದ್ಯರ ಲಸಿಕೆಯ ಬಿಲ್ಲು, ಬ್ಯಾಂಕ್ ಸಾಲಕ್ಕೆ ಕೊಟ್ಟ ಆಸ್ತಿ ಪಟ್ಟಿ, ಮೇವಿನ ಲೆಕ್ಕ, ಇವು ಒಂದಕ್ಕೊಂದು ತಾಳೆಯಾಗಬೇಕು. 350 ಕರು ಎಂದು ಅರ್ಜಿಯಲ್ಲಿ ಬರೆದು, ಮೇ ತಿಂಗಳಲ್ಲಿ 290 ಕರುವಿಗೆ ಲಸಿಕೆ ಕೊಂಡ ಬಿಲ್ಲಿದ್ದರೆ ಪ್ರಶ್ನೆ ಬಂದೇ ಬರುತ್ತದೆ.

ಎಲ್ಲಿ ಎಡವುತ್ತಾರೆ

ಹೆಸರಿನ ಗೊಂದಲದಷ್ಟು ಸಾಮಾನ್ಯವಾದ ತಪ್ಪು ಇನ್ನೊಂದಿಲ್ಲ. ದನ ಎಲ್‌ಎಲ್‌ಸಿಯದು, ಬರೆ ಅಜ್ಜನ ಹೆಸರಿನದು, ಮಾರಾಟದ ಚೆಕ್ ಗಂಡ-ಹೆಂಡತಿ ಜಂಟಿ ಖಾತೆಗೆ, ಅರ್ಜಿ ಮಗನ ಹೆಸರಿನಲ್ಲಿ. ಮನೆಯೊಳಗೆ ಇದೆಲ್ಲ ಒಂದೇ. ಕೌಂಟಿ ಕಚೇರಿಗೆ ಇವು ನಾಲ್ಕು ಬೇರೆ ವ್ಯಕ್ತಿಗಳು. ತೆರಿಗೆ ಸಂಖ್ಯೆ ಯಾವ ಹೆಸರಿಗಿದೆಯೋ, ದನದ ಆದಾಯ ಯಾವ ತೆರಿಗೆ ವಿವರದಲ್ಲಿ ಬರುತ್ತದೆಯೋ, ಅದೇ ಹೆಸರಿನಲ್ಲಿ ಅರ್ಜಿ ಹೋಗಬೇಕು.

ಆಮೇಲೆ ಒಡೆತನದ ದಿನ. ಫೆಬ್ರವರಿ 1ಕ್ಕೆ ಕೊಂಡು ಏಪ್ರಿಲ್ 10ಕ್ಕೆ ಮಾರಿದ ದನ ಮಾರಾಟದ ಹುಂಡಿಗೆ ಬರುವುದಿಲ್ಲ, ಜನವರಿ 15ರಂದು ಅದು ಬೇರೆಯವರ ಸ್ವತ್ತು. ಇಂಥವನ್ನು ಸೇರಿಸಿ ಬರೆದ ವ್ಯಾಪಾರಿಗಳು ಮೋಸ ಮಾಡಲೆಂದೇ ಮಾಡಿದ್ದಲ್ಲ. ‘ನಡುವೆ ಮಾರಿದ್ದು’ ಎಂಬಷ್ಟನ್ನೇ ಓದಿ ‘ಅಂದು ನಿಮ್ಮದಾಗಿದ್ದು’ ಎಂಬುದನ್ನು ಬಿಟ್ಟರು.

600 ಪೌಂಡಿನ ಗೆರೆಯ ಹತ್ತಿರದ ಗುಂಪುಗಳಲ್ಲೂ ಎಚ್ಚರ ಬೇಕು. ಒಂದು ರಾಸಿಗೆ 37 ಡಾಲರ್ ವ್ಯತ್ಯಾಸ. ಕಣ್ಣಂದಾಜಿನ ತೂಕ ಬೇಡ, ತಕ್ಕಡಿಯ ಚೀಟಿ ಏನು ಹೇಳುತ್ತದೋ ಅದು. ಗಂಡುಗರು, ಹೆಣ್ಣುಗರುಗಳ ಗುಂಪನ್ನು ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಎಲ್ಲ ಬೆರೆಸಿ ಸರಾಸರಿ ತೆಗೆದರೆ ಹಗುರ ಕರುವೂ ಭಾರದ ವರ್ಗಕ್ಕೆ ಜಾರುತ್ತದೆ, ಇಲ್ಲವೇ ಭಾರದ್ದೇ ಹಗುರಕ್ಕೆ.

ಬೇಸಿಗೆಗೆ ಮೇಯಲು ಬಂದ ಪರರ ದನವನ್ನು ಎಣಿಕೆಗೆ ಸೇರಿಸಬಾರದು. ನಿಮ್ಮದು ಇನ್ನೊಬ್ಬರ ಹುಲ್ಲಿನಲ್ಲಿದ್ದರೆ ಸೇರಿಸಲು ಮರೆಯಬಾರದು. ಹುಲ್ಲು ಯಾರದು ಎಂಬುದು ಇಲ್ಲಿ ಮುಖ್ಯವಲ್ಲ.

ಸಣ್ಣ ವ್ಯಾಪಾರಗಳಿಗೆ ಸಂಬಳ ಕೊಡಲು ಬಂದ ಪಿಪಿಪಿ ಸಾಲ ತೆಗೆದುಕೊಂಡಿದ್ದೇವೆ, ಇದಕ್ಕೆ ಅರ್ಹರಲ್ಲ ಎಂದುಕೊಂಡು ಅರ್ಜಿಯನ್ನೇ ಹಾಕದವರೂ ಇದ್ದರು. ಅದು ಅಡ್ಡಿಯಾಗಿರಲಿಲ್ಲ.

ಕಚೇರಿ ಅರ್ಜಿ ತಿರಸ್ಕರಿಸಿದರೆ, ಅಥವಾ ತಪಾಸಣೆಯಾಗಿ ಹಣ ವಾಪಸ್ ಕೇಳಿದರೆ, ಪತ್ರ ಕೈಸೇರಿದ 30 ದಿನದೊಳಗೆ ಮರುಪರಿಶೀಲನೆ ಕೇಳಬೇಕು. ಕೌಂಟಿ ಸಮಿತಿ, ರಾಜ್ಯ ಸಮಿತಿ, ಕೊನೆಗೆ ಕೃಷಿ ಇಲಾಖೆಯ ಮೇಲ್ಮನವಿ ವಿಭಾಗವಾದ ನ್ಯಾಷನಲ್ ಅಪೀಲ್ಸ್ ಡಿವಿಷನ್. ಫೋನಿನಲ್ಲಿ ‘ನೋಡೋಣ’ ಎಂದದ್ದನ್ನು ನೆಚ್ಚಿ ಆ 30 ದಿನ ಕಳೆದುಕೊಳ್ಳಬೇಡಿ. ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ತಪ್ಪು ನಿಮ್ಮದೇ ಎಂದು ಮೊದಲೇ ಗೊತ್ತಾದರೆ ಅವರು ಕೇಳುವವರೆಗೆ ಕಾಯದೆ ತಿದ್ದಿಸಿ, ಬಡ್ಡಿಯಾದರೂ ಉಳಿಯುತ್ತದೆ.

ತೆರಿಗೆಯ ಮಾತು ಬಾಕಿ ಇದೆ. ಈ ಹಣ ಆದಾಯ, ದಾನವಲ್ಲ. ವರ್ಷದ ಕೊನೆಗೆ ಸರ್ಕಾರ ಕೊಟ್ಟ ಹಣವನ್ನು ತೋರಿಸುವ 1099-ಜಿ ನಮೂನೆ ಬರುತ್ತದೆ, ನಗದು ಪದ್ಧತಿಯಲ್ಲಿ ಲೆಕ್ಕ ಇಡುವವರು ಹಣ ಕೈಸೇರಿದ ವರ್ಷಕ್ಕೇ ತೋರಿಸಬೇಕು. ಹಾಗಾಗಿ 2020ರ ಮಾರಾಟಕ್ಕೆ ಸಿಕ್ಕಿದ ಪರಿಹಾರ 2020ರ ಲೆಕ್ಕದಲ್ಲೂ, 2021ರ ಏಪ್ರಿಲ್ ನಂತರ ಬಂದ ಹೆಚ್ಚುವರಿ 2021ರ ಲೆಕ್ಕದಲ್ಲೂ ಬೀಳುತ್ತದೆ. ಲೆಕ್ಕಿಗರು ಆಗಾಗ ತಡವರಿಸುವುದು ಉದಾಹರಣೆಯ ಆ ಗಬ್ಬ ನಿಲ್ಲದ 25 ಹಸುಗಳ ಹತ್ತಿರ. ಸಂತಾನಕ್ಕೆ ಸಾಕಿದ ಹಸು ಮಾರಿದ ಹಣ ವ್ಯಾಪಾರದ ಆಸ್ತಿ ಮಾರಾಟದ 4797 ನಮೂನೆಗೆ ಹೋಗುತ್ತದೆ. ಅದೇ ಹಸುವಿನ ಮೇಲೆ ಬಂದ 92 ಡಾಲರ್ ಪರಿಹಾರ ಕೃಷಿ ಆದಾಯದ ಹಾಳೆಯಾದ ಷೆಡ್ಯೂಲ್ ಎಫ್‌ನಲ್ಲಿ ಸರ್ಕಾರಿ ಕೃಷಿ ಪಾವತಿಯ ಸಾಲಿಗೆ ಹೋಗುತ್ತದೆ. ಒಂದೇ ಹಸು ಎರಡು ಹಾಳೆಯಲ್ಲಿ ಕಂಡರೆ ಅದು ತಪ್ಪಲ್ಲ, ಹಾಗೇ ಬಿಡಿ.